ಪಂಚಾಯಿತಿ ಖಾತೆ ಇದ್ದರೆ ಬೆಟ್ಟದೂರಿನ ನಿವೇಶನ ಕೊಳ್ಳಬಹುದೇ?

ಪ್ರಶ್ನೆ: ನಾವು ಮಂಡ್ಯದವರು. ಮೇಲುಕೋಟೆ ಬೆಟ್ಟದ ಮಗ್ಗುಲಿನ ಹಳ್ಳಿಯಲ್ಲಿ ಖಾಲಿ ನಿವೇಶನವೊಂದನ್ನು ನೋಡಿದ್ದೇವೆ. ‘ಪಂಚಾಯಿತಿ ಖಾತೆ ಇದೆ, ಕಂದಾಯದ ರಸೀದಿ ಇದೆ, ಇನ್ನೇನು ಬೇಕು?’ ಎನ್ನುತ್ತಾರೆ ಮಾರುವವರು. ಅಷ್ಟು ಸಾಕೇ?

ಸಾಲದು. ಖಾತೆ ಎಂಬುದು ಯಾರಿಂದ ಕಂದಾಯ ವಸೂಲು ಮಾಡಬೇಕೆಂದು ಪಂಚಾಯಿತಿ ಬರೆದಿಟ್ಟುಕೊಳ್ಳುವ ಲೆಕ್ಕ. ಒಡೆತನ ಸಾಬೀತಾಗುವುದು ನೋಂದಾಯಿತ ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳಿಂದ. ಬರೀ ಜಿಪಿಎ (ಒಡೆಯರ ಪರವಾಗಿ ವ್ಯವಹರಿಸಲು ಬರೆದುಕೊಟ್ಟ ಅಧಿಕಾರಪತ್ರ) ತೋರಿಸಿದರೆ ವ್ಯವಹಾರ ಅಲ್ಲಿಗೇ ಬಿಡಿ. ಅದರಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಜಾಗ ಗ್ರಾಮಠಾಣಾದ, ಅಂದರೆ ಊರಿನ ವಸತಿಗೆಂದು ಗುರುತಿಸಿದ ನೆಲದ, ಒಳಗಿದ್ದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ ಪಡೆಯಿರಿ. ಹೊರಗಿದ್ದರೆ ಅದು ಸರ್ವೆ ನಂಬರಿನ ಜಮೀನು. ಅಲ್ಲಿ ಮನೆ ಕಟ್ಟಲು ಭೂಪರಿವರ್ತನೆಯ ಆದೇಶ ಬೇಕೇ ಬೇಕು.

ಬೆಟ್ಟದ ತಪ್ಪಲಿನಲ್ಲಿ ನಿಜವಾಗಿ ಜನರನ್ನು ಮುಳುಗಿಸುವುದು ಬೇರೆ: ಆ ಜಮೀನು ಮೊದಲು ಯಾರದಾಗಿತ್ತು ಎಂಬುದು. ಇಂಥ ಕಡೆ ಗೋಮಾಳ, ಅರಣ್ಯದ ಅಂಚು, ದೇವಸ್ಥಾನದ ಇನಾಮು, ಸರ್ಕಾರ ಮಂಜೂರು ಮಾಡಿದ ಜಮೀನು ಎಲ್ಲವೂ ಒತ್ತೊತ್ತಿಗೆ ಇರುತ್ತವೆ. ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದ್ದರೆ, ನಡುವೆ ಎಷ್ಟು ಕೈ ಬದಲಾಗಿದ್ದರೂ, ಉಪವಿಭಾಗಾಧಿಕಾರಿಗಳು ಅದನ್ನು ಮೂಲ ಕುಟುಂಬಕ್ಕೆ ಹಿಂದಿರುಗಿಸಬಹುದು. ‘ಹಳೆಯದು, ಈಗ ಯಾರು ಕೇಳುತ್ತಾರೆ’ ಎಂಬ ಮಾತಿಗೂ ಅರ್ಥವಿಲ್ಲ. ಅರ್ಜಿ ಹಾಕಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಬಡವರ ಕೈಯಿಂದ ಭೂಮಿ ಜಾರದಿರಲೆಂದು ಬಂದ ಕಾನೂನು ಅದು. ಅದನ್ನು ದಾಟಿಕೊಂಡು ಕೊಳ್ಳುವ ದಾರಿ ಹುಡುಕಬೇಡಿ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಹಳೆಯ ಕೈಬರಹದ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ಪ್ರತಿಗಳನ್ನು ತೆಗೆಸಿ ಓದಿ. ಅದರಲ್ಲಿ ‘ಮಂಜೂರಾತಿ’ ಅಥವಾ ‘ಗೋಮಾಳ’ ಎಂಬ ಪದ ಕಂಡರೆ ವಕೀಲರಿಗೆ ತೋರಿಸದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಈಗಿನ ಪಹಣಿಯಲ್ಲಿ ಖರಾಬಿನ, ಅಂದರೆ ಸಾಗುವಳಿಯ ಲೆಕ್ಕದಿಂದ ಬಿಟ್ಟ ನೆಲದ, ಅಂಕಿಯನ್ನೂ ನೋಡಿ. ‘ಅ’ ಖರಾಬು ಬಂಡೆಯಂಥ ಉಳುಮೆಗೆ ಬಾರದ ನೆಲ. ‘ಬ’ ಖರಾಬು ದಾರಿ, ಕೆರೆ, ಹಳ್ಳಕ್ಕೆಂದು ಬಿಟ್ಟ ಸಾರ್ವಜನಿಕ ಜಾಗ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಕೆಲವೊಮ್ಮೆ ನಿವೇಶನದ ಅರ್ಧ ಭಾಗವೇ ಅದರೊಳಗೆ ಬಂದಿರುತ್ತದೆ.

ದಾರಿಯ ವಿಷಯವೂ ಅಷ್ಟೇ ಗಟ್ಟಿಯಾಗಬೇಕು. ಇಂದು ಕಾರು ಹೋಗುತ್ತಿದೆ ಎಂದರೆ ದಾರಿ ಇದೆ ಎಂದಲ್ಲ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಎಂದು ಗುರುತಿದೆಯೇ, ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ‘ರಸ್ತೆ’ ಎಂದಿದೆಯೇ ನೋಡಿ. ಎರಡರಲ್ಲೂ ಇಲ್ಲವಾದರೆ, ಪಕ್ಕದ ಹೊಲದವರು ಒಂದು ದಿನ ಬೇಲಿ ಹಾಕಿದಾಗ ನಿಮ್ಮ ಜಾಗಕ್ಕೆ ನೀವೇ ಕಾಲಿಡಲಾಗದು. ದಿಶಾಂಕ್ ಆ್ಯಪ್ ತೆರೆದು ಆ ನೆಲದ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರೆಂದು ತೋರಿಸುತ್ತದೆ; ಮಾರುವವರು ತೋರಿಸಿದ ಜಾಗವೇ ಒಂದು, ಪತ್ರದಲ್ಲಿರುವುದೇ ಇನ್ನೊಂದು ಆಗಿದ್ದರೆ ಅಲ್ಲೇ ತಿಳಿಯುತ್ತದೆ.

ಮೇಲುಕೋಟೆಯ ಸುತ್ತ ತೋಳಗಳಿಗೆ ನೆಲೆಯಾದ ವನ್ಯಜೀವಿಧಾಮವೂ ಇದೆ. ಅದರ ಅಂಚಿನ ಜಮೀನಾದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಸರ್ವೆ ನಂಬರು ಹೇಳಿ, ಕಟ್ಟಡಕ್ಕೆ ನಿರ್ಬಂಧವಿದೆಯೇ ಎಂದು ಲಿಖಿತವಾಗಿ ಕೇಳಿ. ನೀರಿನ ಬಗ್ಗೆ ಅಕ್ಕಪಕ್ಕದವರನ್ನು ಏಪ್ರಿಲ್‌ ತಿಂಗಳಲ್ಲಿ ವಿಚಾರಿಸಿ, ಮಳೆಗಾಲದಲ್ಲಲ್ಲ.

ಇವೆಲ್ಲ ಸರಿಯಿದ್ದರೆ ಕನಿಷ್ಠ 30 ವರ್ಷದ ಋಣಭಾರ ಪತ್ರ (ಇ.ಸಿ.) ತೆಗೆಸಿ. ನೋಂದಣಿಗೆ ಮುನ್ನ ಹದ್ದುಬಸ್ತಿಗೆ (ಅಳೆದು ಗಡಿ ಗುರುತಿಸುವುದಕ್ಕೆ) ಮಾರುವವರಿಂದಲೇ ಅರ್ಜಿ ಹಾಕಿಸಿ, ಸರ್ವೆಯವರು ಅಳೆಯುವ ದಿನ ನೆರೆಯ ಹಿಡುವಳಿದಾರರೆಲ್ಲ ಇರುವಂತೆ ನೋಡಿಕೊಳ್ಳಿ.