ಕಾಲ ಕೆಳಗೆ ಲಾವಾ ಸಮುದ್ರ ಇಲ್ಲ

ನಾನು ಭೂವಿಜ್ಞಾನಿ ಎಂದು ಗೊತ್ತಾದ ಹತ್ತು ನಿಮಿಷದೊಳಗೆ ಈ ಮಾತು ಬಂದೇ ಬರುತ್ತದೆ. "ಕೆಳಗೆಲ್ಲ ಲಾವಾ ಅಲ್ವಾ ಸಾರ್? ಖಂಡಗಳು ಅದರ ಮೇಲೆ ತೇಲ್ತಾ ಇವೆ." ಹೇಳುವವರು ಡಾಕ್ಟರ್ ಇರಬಹುದು, ಎಂಜಿನಿಯರ್ ಇರಬಹುದು. ಅಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.

ಖಂಡಗಳು ಚಲಿಸುತ್ತವೆ ಎನ್ನುವುದು ಸರಿ. ಜಿಪಿಎಸ್ ಅದನ್ನು ಅಳೆದೇ ತೋರಿಸುತ್ತದೆ. ಭೂಮಿಯ ಹೊರಚಿಪ್ಪು ಫಲಕಗಳೆಂಬ ದೊಡ್ಡ ತುಂಡುಗಳಾಗಿ ಒಡೆದಿದೆ. ಭಾರತ ಇರುವ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ತಪ್ಪಿರುವುದು ಆ ಲಾವಾ ಸಮುದ್ರದಲ್ಲಿ. ಫಲಕಗಳ ಕೆಳಗಿರುವ ದಪ್ಪ ಪದರಕ್ಕೆ ಮ್ಯಾಂಟಲ್ ಎನ್ನುತ್ತಾರೆ. ಅದು ಕಲ್ಲು. ಗಟ್ಟಿ ಕಲ್ಲು.

ಯಾರು ಇಳಿದು ನೋಡಿದ್ದಾರೆ ಎನ್ನುತ್ತೀರಾ? ಯಾರೂ ಇಲ್ಲ. ರಷ್ಯಾದ ಕೋಲಾದಲ್ಲಿ ಕೊರೆದ ಅತಿ ಆಳದ ಬಾವಿಯೂ 12 ಕಿಲೋಮೀಟರ್ ಚಿಲ್ಲರೆಗೆ ನಿಂತುಹೋಯಿತು. ನಮಗೆ ಒಳಗಿನ ಸುದ್ದಿ ತರುವುದು ಭೂಕಂಪದ ಅಲೆಗಳು. ಅವುಗಳಲ್ಲಿ ಎಸ್ ಅಲೆ ಎಂಬುದೊಂದಿದೆ. ಅದು ಹಾವಿನಂತೆ ಅಡ್ಡಡ್ಡ ಅಲುಗಾಡಿಕೊಂಡು ಸಾಗುತ್ತದೆ. ಕಲ್ಲನ್ನು ಅಡ್ಡಕ್ಕೆ ತಳ್ಳಿದರೆ ಅದು ವಾಪಸ್ ಪುಟಿಯುತ್ತದೆ. ನೀರಿಗೆ ಆ ಬಿಗಿ ಇಲ್ಲ. ಹಾಗಾಗಿ ದ್ರವದೊಳಗೆ ಎಸ್ ಅಲೆ ಹೋಗುವುದೇ ಇಲ್ಲ. ಈ ಅಲೆ ಮ್ಯಾಂಟಲನ್ನು ದಾಟಿಕೊಂಡು 2,900 ಕಿಲೋಮೀಟರ್ ಆಳದವರೆಗೂ ಇಳಿಯುತ್ತದೆ. ಅಲ್ಲಿ ಕರಗಿದ ಕಬ್ಬಿಣದ ಹೊರ ತಿರುಳು ಸಿಕ್ಕಾಗ ಮಾತ್ರ ನಿಲ್ಲುತ್ತದೆ. ನಡುವೆ ಲಾವಾ ಸಮುದ್ರ ಇದ್ದಿದ್ದರೆ ಮೇಲೆಯೇ ನಿಂತುಬಿಡಬೇಕಿತ್ತು.

"ಗಟ್ಟಿ ಇದ್ದರೆ ಫಲಕ ಸರಿಯೋದು ಹೇಗೆ?" ಇದು ಒಳ್ಳೆಯ ಪ್ರಶ್ನೆ. ಇದನ್ನು ಕೇಳಿದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಹಿಮನದಿ ನೋಡಿ. ಅದರ ಮಂಜುಗಡ್ಡೆ ಸುತ್ತಿಗೆಯಲ್ಲಿ ಹೊಡೆದರೆ ಚೂರಾಗುತ್ತದೆ, ಆದರೂ ವರ್ಷಗಟ್ಟಲೆ ನಿಧಾನವಾಗಿ ಇಳಿಜಾರಿನಲ್ಲಿ ಹರಿಯುತ್ತದೆ. ಗಟ್ಟಿಯಾದದ್ದು ಹರಿಯಬಾರದು ಎಂಬ ನಿಯಮ ಇಲ್ಲ. ಬಿಸಿ ಬೇಕು, ಒತ್ತಡ ಬೇಕು, ಎಲ್ಲಕ್ಕಿಂತ ಜಾಸ್ತಿ ಸಮಯ ಬೇಕು. ಫಲಕದ ದಪ್ಪ ಸುಮಾರು 100 ಕಿಲೋಮೀಟರ್. ಅದರ ತಳದಲ್ಲಿ 1,300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಲ್ಲು ಕರಗದೆಯೇ ಮೆತ್ತಗಾಗಿರುತ್ತದೆ. ಸ್ಕ್ಯಾಂಡಿನೇವಿಯಾದ ಮೇಲಿದ್ದ ಹಿಮದ ಹೊರೆ ಕರಗಿ ಸುಮಾರು ಹತ್ತು ಸಾವಿರ ವರ್ಷ ಆಯಿತು. ಅಲ್ಲಿ ನೆಲ ಇನ್ನೂ ಮೇಲೇಳುತ್ತಲೇ ಇದೆ, ಕೆಲವು ಕಡೆ ವರ್ಷಕ್ಕೆ ಹತ್ತಿರಹತ್ತಿರ 1 ಸೆಂಟಿಮೀಟರ್. ಅಡಿಯ ಗಟ್ಟಿ ಮ್ಯಾಂಟಲ್ ನಿಧಾನವಾಗಿ ವಾಪಸ್ ಹರಿದು ಬರುತ್ತಿರುವುದರಿಂದ.

ಎಲ್ಲೂ ಕರಗಿದ ಕಲ್ಲು ಇಲ್ಲ ಎಂದು ನಾನು ಹೇಳುತ್ತಿಲ್ಲ. ಸಾಗರದ ನಡುವಿನ ಬೆಟ್ಟಸಾಲುಗಳ ಕೆಳಗೆ ಒತ್ತಡ ಇಳಿದು ಕಲ್ಲು ಕರಗುತ್ತದೆ. ಒಂದು ಫಲಕ ಇನ್ನೊಂದರ ಅಡಿಗೆ ಜಾರುವಲ್ಲಿ ಅದು ಹೊತ್ತೊಯ್ದ ನೀರಿನಿಂದ ಕರಗುತ್ತದೆ. ಜ್ವಾಲಾಮುಖಿಗಳಿಗೆ ಸಾಮಾನ್ಯವಾಗಿ ಅಷ್ಟೇ ಸಾಕು. ಫಲಕದ ತಳದಲ್ಲೂ ಅಲ್ಲಲ್ಲಿ ಅಲ್ಪಸ್ವಲ್ಪ ಕರಗಿದ್ದು ಇರಬಹುದು. ಎಷ್ಟು ಎಂಬುದಕ್ಕೆ ನಮ್ಮವರಲ್ಲೇ ಜಗಳ ಇದೆ.

ಪಾಪ, ಜರ್ಮನ್ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ ನೆನಪಾಗುತ್ತಾರೆ. ಖಂಡಗಳು ಅಲೆದಿವೆ ಎಂದು 1912ರಲ್ಲೇ ಹೇಳಿದವರು. ಖಂಡಗಳು ಸಾಗರತಳವನ್ನು ಸೀಳಿಕೊಂಡು ಹೋಗುತ್ತವೆ ಎಂದುಕೊಂಡರು. ಅಷ್ಟು ಗಟ್ಟಿ ತಳವನ್ನು ಸೀಳುವ ಬಲ ಎಲ್ಲಿದೆ ಎಂದು ಉಳಿದವರು ತಳ್ಳಿಹಾಕಿದರು. ಸಾಗರತಳವೇ ಖಂಡದ ಜೊತೆ ಸಾಗುತ್ತದೆ ಎಂಬುದು ಸ್ಪಷ್ಟವಾಗಲು 1960ರ ದಶಕ ಬೇಕಾಯಿತು. 1930ರಲ್ಲಿ ಅವರು ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ತೀರಿಕೊಂಡರು, ಅಲ್ಲೇ ಹೂತರು. ಆ ಹಿಮವೂ ಹರಿಯುವಂಥದ್ದೇ.

ಹೋದ ವರ್ಷ ಶಾಲಾ ಶಿಕ್ಷಕಿಯೊಬ್ಬರಿಗೆ ಇಷ್ಟನ್ನೂ ಫೋನಿನಲ್ಲಿ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. "ಸರಿ ಸಾರ್, ಒಪ್ಪಿದೆ. ಈಗ ಮಕ್ಕಳಿಗೆ ಮ್ಯಾಂಟಲ್‌ಗೆ ಯಾವ ಬಣ್ಣ ಹಚ್ಚೋಕೆ ಹೇಳಲಿ?" ಮೇಲಿನ ಮ್ಯಾಂಟಲ್‌ನಲ್ಲಿ ಆಲಿವಿನ್ ಎಂಬ ಖನಿಜವೇ ಜಾಸ್ತಿ, ಹಸಿರು ಹಚ್ಚಿಸಿ ಎಂದೆ. ಅಷ್ಟು ಬಿಸಿಯಲ್ಲಿ ಅದು ಕೆಂಡದಂತೆ ಕಾಣುತ್ತದೆ ಎಂಬುದನ್ನು ಮಾತ್ರ ಹೇಳದೆ ಫೋನ್ ಇಟ್ಟೆ.