ಕಡಲ ನಕ್ಷೆಯ ಮೇಲೆ ಕೆಂಪು, ಹಸಿರು, ನೇರಳೆ ಗೆರೆ

1944ರ ಜೂನ್ 5ರ ರಾತ್ರಿ. ಇಂಗ್ಲಿಷ್ ಕಾಲುವೆಯಲ್ಲಿ ಮೈನ್‌ಸ್ವೀಪರ್ ಹಡಗುಗಳು ನಾರ್ಮಂಡಿಯ ಕಡೆ ಹೊರಟಿದ್ದವು. ಜರ್ಮನರು ನೀರಿನಲ್ಲಿ ಹಾಕಿದ್ದ ಮೈನ್ ಎಂಬ ಸ್ಫೋಟಕಗಳನ್ನು ತೆಗೆದು ಹತ್ತು ದಾರಿ ಬಿಡಿಸಿಕೊಡುವುದು ಅವುಗಳ ಕೆಲಸ. ಹಿಂದೆ ಸಾವಿರಾರು ಹಡಗುಗಳು ಅದೇ ದಾರಿ ನಂಬಿ ಬರುತ್ತಿದ್ದವು. ಕತ್ತಲು, ಮೋಡ, ಹಡಗನ್ನು ಅಡ್ಡಕ್ಕೆ ಎಳೆಯುವ ಉಬ್ಬರವಿಳಿತದ ಸೆಳೆತ. ಅಂಥ ಹೊತ್ತಲ್ಲಿ ಕೆಲವು ಹಡಗುಗಳಿಗೆ ದಾರಿ ಹೇಳಿದ್ದು ಒಂದು ಹೊಸ ರೇಡಿಯೊ ಯಂತ್ರ. ಮುಂದೆ ಅದು ಡೆಕ್ಕಾ ನ್ಯಾವಿಗೇಟರ್ ಅಂತ ಹೆಸರಾಯಿತು.

ಇದನ್ನು ಯೋಚಿಸಿದವರು ಅಮೆರಿಕದ ಎಂಜಿನಿಯರ್ ವಿಲಿಯಂ ಓಬ್ರಿಯನ್. ಅವರ ದೇಶದ ಸೇನೆ ಆಸಕ್ತಿ ತೋರಿಸಲಿಲ್ಲ. ಕೈ ಹಿಡಿದದ್ದು ಬ್ರಿಟನ್ನಿನ ಡೆಕ್ಕಾ, ಗ್ರಾಮಫೋನ್ ರೆಕಾರ್ಡ್ ಮಾಡುತ್ತಿದ್ದ ಕಂಪನಿ!

ಕೆಲಸ ಮಾಡುವ ರೀತಿ ಹೀಗೆ. ದಡದಲ್ಲಿ ಒಂದು ಮಾಸ್ಟರ್, ಅಂದರೆ ಮುಖ್ಯ ಕೇಂದ್ರ. ಅದರಿಂದ ದೂರದಲ್ಲಿ ಅದನ್ನೇ ಅನುಸರಿಸುವ ಮೂರು ಸ್ಲೇವ್ ಕೇಂದ್ರ. ಅವುಗಳ ಹೆಸರು ಕೆಂಪು, ಹಸಿರು, ನೇರಳೆ. ನಾಲ್ಕೂ ತಾಳ ತಪ್ಪದೆ ಒಟ್ಟಿಗೆ ಅಲೆ ಕಳಿಸುತ್ತವೆ. ಹಡಗಿನ ರಿಸೀವರ್ ಮಾಸ್ಟರ್ ಅಲೆಯನ್ನೂ ಒಂದು ಸ್ಲೇವ್ ಅಲೆಯನ್ನೂ ಹೋಲಿಸಿ, ಯಾವುದು ಎಷ್ಟು ಹಿಂದೆ ಬಿದ್ದಿದೆ ಅಂತ ನೋಡುತ್ತದೆ. ಕೇಂದ್ರ ಎಷ್ಟು ದೂರ ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಎರಡು ದೂರಗಳ ನಡುವಿನ ವ್ಯತ್ಯಾಸ ಮಾತ್ರ. ಅದೇ ವ್ಯತ್ಯಾಸ ಇರುವ ಜಾಗಗಳನ್ನೆಲ್ಲ ಸೇರಿಸಿದರೆ ಒಂದು ಬಾಗಿದ ಗೆರೆ ಬರುತ್ತದೆ. ಶಾಲೆಯ ಗಣಿತದಲ್ಲಿ ಬರುವ ಹೈಪರ್ಬೋಲಾ ಅದೇ. ಇನ್ನೊಂದು ಸ್ಲೇವ್ ಹಿಡಿದರೆ ಇನ್ನೊಂದು ಗೆರೆ. ಎರಡು ಗೆರೆ ಕೂಡುವಲ್ಲಿ ನೀವಿದ್ದೀರಿ. ಹಡಗು ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಯುದ್ಧದಲ್ಲಿ ಇದು ಸಣ್ಣ ಲಾಭವಲ್ಲ.

ಗಣಿತವೆಲ್ಲ ದಡದಲ್ಲೇ ಮುಗಿದಿರುತ್ತಿತ್ತು. ನಕ್ಷೆಯ ಮೇಲೆ ಮೂರು ಬಣ್ಣದ ಗೆರೆಗಳನ್ನು ಮೊದಲೇ ಅಚ್ಚು ಹಾಕಿರುತ್ತಿದ್ದರು. ಗೆರೆಗಳ ಒಂದೊಂದು ಗುಂಪು ಒಂದು ವಲಯ, ಅದಕ್ಕೊಂದು ಇಂಗ್ಲಿಷ್ ಅಕ್ಷರ; ಗೆರೆಗೊಂದು ಅಂಕಿ. ಹಡಗಿನಲ್ಲಿ ಗಡಿಯಾರದಂಥ ಮೂರು ಡಯಲ್, ಹೆಸರು ಡೆಕೋಮೀಟರ್. ಕೆಂಪು ಡಯಲ್ I 16.30 ತೋರಿಸಿತು ಅನ್ನಿ. ನಕ್ಷೆಯಲ್ಲಿ I ವಲಯದ 16 ಮತ್ತು 17ನೇ ಕೆಂಪು ಗೆರೆ ಹುಡುಕಿ, ನಡುವೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಜಾಗದಲ್ಲಿ ಪೆನ್ಸಿಲ್ ಇಡಬೇಕು. ಹಸಿರು ಡಯಲ್ D 35.80 ಅಂದರೆ ಅದೇ ರೀತಿ ಹಸಿರು ಗೆರೆ. ಅವು ಅಡ್ಡ ಬರುವ ಕಡೆ ಒಂದು ಗುರುತು. ಹೀಗೆ ಆಗಾಗ ಗುರುತು ಹಾಕುತ್ತ ಹೋದರೆ ಸೆಳೆತ ಹಡಗನ್ನು ಯಾವ ಕಡೆ ತಳ್ಳುತ್ತಿದೆ ಅನ್ನುವುದೂ ಕಣ್ಣಿಗೆ ಕಾಣುತ್ತದೆ.

ತೊಂದರೆ ಇದ್ದದ್ದು ಎಣಿಕೆಯಲ್ಲಿ. ಎರಡು ಗೆರೆಗಳ ನಡುವಿನ ಜಾಗಕ್ಕೆ ಲೇನ್ ಅನ್ನುತ್ತಿದ್ದರು. ಮಾಸ್ಟರ್ ಮತ್ತು ಕೆಂಪು ಸ್ಲೇವ್ ನಡುವಿನ ನೇರ ಗೆರೆಯ ಮೇಲೆ ಒಂದು ಲೇನ್ ಸುಮಾರು 440 ಮೀಟರ್ ಅಗಲ, ದೂರ ಹೋದಂತೆ ಜಾಸ್ತಿ. ಲೇನ್ ಒಳಗೆ ಎಲ್ಲಿದ್ದೀರಿ ಅಂತ ಅಲೆ ಹೇಳುತ್ತದೆ. ಯಾವ ಲೇನ್ ಅಂತ ಹೇಳುವುದಿಲ್ಲ. ಅಂಕಿ ಅಳಿಸಿಹೋದ ಮೈಲಿಗಲ್ಲುಗಳ ದಾರಿ ಇದ್ದ ಹಾಗೆ. ಅದಕ್ಕೇ ಬಂದರಿನಲ್ಲಿ ಡಯಲ್‌ಗಳನ್ನು ಸರಿಯಾದ ಅಂಕಿಗೆ ತಿರುಗಿಸಿ ಹೊರಡಬೇಕಿತ್ತು. ಮುಂದೆ ಮುಳ್ಳು ಒಂದೊಂದು ಸುತ್ತು ಬಂದಾಗಲೂ ಯಂತ್ರ ಒಂದು ಲೇನ್ ಎಣಿಸುತ್ತಿತ್ತು. ರಾತ್ರಿ ಹೊತ್ತು ಮೇಲಿನ ವಾತಾವರಣದಲ್ಲಿರುವ, ವಿದ್ಯುತ್ ಆವೇಶದ ಕಣಗಳ ಅಯಾನು ಪದರಕ್ಕೆ ಬಡಿದು ವಾಪಸ್ ಬರುವ ಅಲೆ ನೇರ ಬಂದ ಅಲೆಗೆ ಬೆರೆತು ಎಣಿಕೆ ಕೆಡುತ್ತಿತ್ತು. ಡಯಲ್ ನೋಡಿದರೆ ಎಲ್ಲ ಸರಿಯಾಗಿದೆ, ಆದರೆ ಹಡಗು ಪಕ್ಕದ ಲೇನ್‌ನಲ್ಲಿ! ಆಮೇಲಿನ ಮಾದರಿಗಳಲ್ಲಿ ಲೇನ್ ಗುರುತಿಸುವ ಸಂಕೇತವನ್ನೇ ಕಳಿಸತೊಡಗಿದರು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಇದು ಸಾಮಾನ್ಯ ಹಡಗುಗಳಿಗೂ ಸಿಕ್ಕಿತು. ಮುಂದೆ ನಮ್ಮ ಮುಂಬೈ, ಕೋಲ್ಕತ್ತಾ ಕಡಲಿಗೂ ಡೆಕ್ಕಾ ಬಂತು. ಆದರೆ ಇದನ್ನು ಮನಸಾರೆ ಒಪ್ಪಿಕೊಂಡವರು ಬ್ರಿಟನ್ ಸುತ್ತಲಿನ ಮೀನುಗಾರರು. ಕಾರಣ ಸೊಗಸಾಗಿದೆ. ರೇಡಿಯೊ ಅಲೆ ನೆಲದ ಮೇಲೆ ಹೋಗುವಾಗ ನೀರಿನ ಮೇಲಿಗಿಂತ ಸ್ವಲ್ಪ ನಿಧಾನ. ಹಾಗಾಗಿ ನಕ್ಷೆಯ ಗೆರೆ ಕೆಲವು ಕಡೆ ನಿಜವಾದ ಜಾಗದಿಂದ ಸರಿದಿರುತ್ತಿತ್ತು. ಆದರೆ ಆ ತಪ್ಪು ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ. ತಳದಲ್ಲಿ ಮುಳುಗಿ ಬಿದ್ದು ಇವತ್ತು ಬಲೆ ಹರಿದ ಹಡಗಿನ ಜಾಗದ ಅಂಕಿ ಬರೆದಿಟ್ಟುಕೊಂಡರೆ, ಮುಂದಿನ ವರ್ಷವೂ ಹಗಲಲ್ಲಿ ಅದೇ ಅಂಕಿ ಅದೇ ಜಾಗಕ್ಕೆ ಕರೆದೊಯ್ಯುತ್ತಿತ್ತು. ಮೀನುಗಾರನಿಗೆ ಬೇಕಾದದ್ದೂ ಅದೇ ಅಲ್ವಾ? ಅಕ್ಷಾಂಶ, ರೇಖಾಂಶ ಎಷ್ಟು ಅನ್ನುವುದು ಅವನಿಗೆ ಮುಖ್ಯವಲ್ಲ. ನಿನ್ನೆಯ ಜಾಗಕ್ಕೆ ಇವತ್ತು ಮತ್ತೆ ಹೋಗಬೇಕು. ಮಲ್ಪೆಯ ಬೋಟಿನವರು ಜಿಪಿಎಸ್‌ನಲ್ಲಿ ಪಾಯಿಂಟ್ ಉಳಿಸಿಕೊಳ್ಳುವುದೂ ಇದಕ್ಕೇ.

2000ದಲ್ಲಿ ಬ್ರಿಟನ್ನಿನ ಡೆಕ್ಕಾ ಕೇಂದ್ರಗಳು ಮುಚ್ಚಿದವು. ಆಗ ಕಷ್ಟ ಬಂತು. ಪುಸ್ತಕದ ತುಂಬ ಬರೆದಿಟ್ಟ ಅಂಕಿಗಳನ್ನು ಜಿಪಿಎಸ್‌ಗೆ ಬದಲಿಸಲು ಸೂತ್ರವಿತ್ತು, ನಿಜ. ಆದರೆ ಗೆರೆ ಸರಿದಿದ್ದ ಆ ಹಳೆಯ ತಪ್ಪೂ ಲೆಕ್ಕದ ಜೊತೆಗೇ ಬರುತ್ತಿತ್ತು. ಕೇಂದ್ರಗಳು ಮುಚ್ಚುವ ಮೊದಲೇ ಡೆಕ್ಕಾ, ಜಿಪಿಎಸ್ ಎರಡೂ ಯಂತ್ರ ಇಟ್ಟುಕೊಂಡು ಆ ಜಾಗಗಳಿಗೆ ಹೋಗಿ ಬರೆದುಕೊಂಡವರಿಗೆ ಮಾತ್ರ ಸರಿಯಾದ ಅಂಕಿ ಸಿಕ್ಕಿತು.

ಜಿಪಿಎಸ್ ಕೂಡ ರೇಡಿಯೊ ಅಲೆ ಬರುವ ಹೊತ್ತನ್ನೇ ಅಳೆಯುತ್ತದೆ. ಅಲೆ ಬರುವುದು 20,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ. ನಮ್ಮನ್ನು ಮುಟ್ಟುವ ಹೊತ್ತಿಗೆ ಅದು ತೀರಾ ಕ್ಷೀಣವಾಗಿರುತ್ತದೆ, ಸಣ್ಣ ಯಂತ್ರವೊಂದು ಸಾಕು ಅದನ್ನು ಅಡಗಿಸಲು. 2016ರಲ್ಲಿ ಉತ್ತರ ಕೊರಿಯಾದ ಕಡೆಯಿಂದ ಬಂದ ಅಡಚಣೆಗೆ ದಕ್ಷಿಣ ಕೊರಿಯಾದ ನೂರಾರು ಮೀನುಗಾರಿಕೆ ದೋಣಿಗಳು ಬಂದರಿಗೆ ವಾಪಸಾದವು. ಆ ದೇಶ ಈಗ ಇಲೋರಾನ್ ಕಡೆ ತಿರುಗಿದೆ. ಅದು 100 ಕಿಲೋಹರ್ಟ್ಜ್‌ನಲ್ಲಿ ನೆಲದ ಕೇಂದ್ರಗಳಿಂದಲೇ ಬರುವ ಬಲವಾದ ಸಂಕೇತ. ಅದನ್ನು ಅಡಗಿಸಬೇಕಾದರೆ ಎತ್ತರದ ಆಂಟೆನಾ, ಭಾರಿ ಟ್ರಾನ್ಸ್‌ಮಿಟರ್ ಎರಡೂ ಬೇಕು.