ಹದಿನೆಂಟು ತುಂಬಿತು, ಇನ್ನು ಸಹಿ ಯಾರದು?

"ಮಗನಿಗೆ ಹದಿನೆಂಟು ಆಯ್ತಲ್ಲ ಅಮ್ಮಾ, ಇನ್ನು ನಿಮ್ಮ ಸೈನ್ ಆಗುದಿಲ್ಲ ಮಾರಾಯ್ರೆ." ಬೌದ್ಧಿಕ ಅಂಗವಿಕಲತೆ ಇರುವ ಮಕ್ಕಳ ತಾಯಂದಿರು ಉಡುಪಿ, ಮಂಗಳೂರಿನ ಬ್ಯಾಂಕ್ ಕೌಂಟರುಗಳಲ್ಲಿ ಕೇಳುವ ಮಾತಿದು. ಚಲನ್ ಎಂದರೇನೆಂದೇ ಆ ಹುಡುಗನಿಗೆ ಗೊತ್ತಿಲ್ಲ. ಅವನ ಮಾಸಾಶನ ಖಾತೆಯಲ್ಲೇ ಕೂತಿರುತ್ತದೆ.

ಹದಿನೆಂಟಾದ ಮೇಲೆ ಇಂಥವರ ಪರವಾಗಿ ಸಹಿ ಹಾಕಲು ಹೆತ್ತವರೂ ಕಾನೂನಿನಂತೆ ನೇಮಕವಾದ ಪೋಷಕರು (ಗಾರ್ಡಿಯನ್) ಆಗಿರಬೇಕು. ಕಾನೂನಿನ ಈ ಕಂದಕ ಹಳೆಯದು. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಅಪ್ರಾಪ್ತರಿಗಷ್ಟೇ. 1987ರ ಮಾನಸಿಕ ಆರೋಗ್ಯ ಕಾಯ್ದೆ 'ಬುದ್ಧಿಮಾಂದ್ಯವನ್ನು ಬಿಟ್ಟು' ಎಂದು ವ್ಯಾಖ್ಯೆಯಲ್ಲೇ ಬಾಗಿಲು ಹಾಕಿತು. 1995ರ ಅಂಗವಿಕಲರ ಕಾಯ್ದೆ ಶಿಕ್ಷಣ, ಮೀಸಲಾತಿಯ ಮಾತಾಡಿತು. 'ನಮ್ಮ ಕಾಲದ ನಂತರ ಇವನಿಗೆ ಯಾರು?' ಎಂಬ ಪ್ರಶ್ನೆ ಹಾಗೇ ಉಳಿಯಿತು. ಹೆತ್ತವರ ಸಂಘಗಳು ಪಟ್ಟು ಹಿಡಿದವು, 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹುವಿಧ ಅಂಗವಿಕಲತೆ ಈ ನಾಲ್ಕಕ್ಕೆ ಅದು ಅನ್ವಯ. ಸ್ಕಿಜೋಫ್ರೇನಿಯಾ ಇರುವವರ ಮನೆಯವರು ಇದೇ ಅರ್ಜಿ ಹಿಡಿದು ಬರುವುದುಂಟು; ಅವರ ದಾರಿ ಬೇರೆ.

ಪೋಷಕರನ್ನು ನೇಮಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ: ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲತೆ ಇರುವ ಒಬ್ಬರು. ಉಡುಪಿಯವರಿಗೆ ಮಣಿಪಾಲದ ರಜತಾದ್ರಿಗಿಂತ (ಜಿಲ್ಲಾಧಿಕಾರಿ ಕಚೇರಿಯ ಸಂಕೀರ್ಣ) ದೂರ ಹೋಗಬೇಕಿಲ್ಲ. ಅರ್ಜಿಗೆ ನಮೂನೆ ಎ. ಜೊತೆಗೆ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅಥವಾ ಅಂಗವಿಕಲತೆಯ ಪ್ರಮಾಣಪತ್ರ, ವಯಸ್ಸಿನ ಮತ್ತು ಸಂಬಂಧದ ದಾಖಲೆ ಸಿದ್ಧವಿರಲಿ. ಆಧಾರ್‌ನಲ್ಲಿ ಒಂದು ಇನಿಶಿಯಲ್, ಯುಡಿಐಡಿಯಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಪಡಿಸಿ. ಹೀಗೆ ಸಿಕ್ಕ ಪೋಷಕತ್ವದ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪಬೇಕೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಹೇಳಿದೆ. ಕೌಂಟರಿನಲ್ಲಿ ತಕರಾರು ಬಂದರೆ ಆ ಸುತ್ತೋಲೆಯ ಪ್ರತಿ ಮುಂದಿಡಿ.

ತಂದೆ, ತಾಯಿ ಇಬ್ಬರೂ ಜಂಟಿಯಾಗಿ ಪೋಷಕರಾಗಬಹುದು. ಆಮೇಲಿನ ಸರದಿ ಹೆಚ್ಚಾಗಿ ಒಡಹುಟ್ಟಿದವರದು. ಕರಾವಳಿಯ ಎಡವಟ್ಟು ಇಲ್ಲೇ: ಅಣ್ಣ ದುಬೈಯಲ್ಲಿ, ಅಕ್ಕ ಮುಂಬೈಯಲ್ಲಿ. ಊರಲ್ಲೇ ಇರುವ ತಮ್ಮನಿಗೆ ಮದುವೆಯಾಗಿಲ್ಲವೆಂದರೆ ತಂಗಿಗೆ ಅವನು ಪೋಷಕನಾಗುವಂತಿಲ್ಲ. ಹೆಣ್ಣಿಗೆ ಒಂಟಿ ಗಂಡಸನ್ನು ನಿಯಮ ಒಪ್ಪುವುದಿಲ್ಲ. ಮದುವೆಯಾಗಿದ್ದರೆ ಹೆಂಡತಿಯೇ ಮುಖ್ಯ ಸಹಪೋಷಕಿ. ಹೆತ್ತವರು ಇರುವಾಗಲೇ ಇದನ್ನು ಮನೆಯಲ್ಲಿ ಕೂತು ಮಾತಾಡುವುದು ಲೇಸು.

ಇನ್ನೊಂದು ಅಪಾಯ ಕುಟುಂಬದ ಆಸ್ತಿ ಪಾಲಾಗುವಾಗ. ಪಾಲುಪಟ್ಟಿಗೆ ಇಪ್ಪತ್ತು ಮೂವತ್ತು ಜನರ ಸಹಿ ಬೀಳುವ ಗಡಿಬಿಡಿಯಲ್ಲಿ ಇವನದೂ ಒಂದು ಹೆಬ್ಬೆಟ್ಟು ಒತ್ತಿಸಿಬಿಡುತ್ತಾರೆ. ಅರಿಯದೆ ಒತ್ತಿದ ಹೆಬ್ಬೆಟ್ಟಿನ ಪತ್ರ 1872ರ ಕರಾರು ಕಾಯ್ದೆಯೆದುರು ನಿಲ್ಲುವುದು ಕಷ್ಟ. ತಂಟೆ ವರ್ಷಗಳ ನಂತರ ಎದ್ದು ಬರುತ್ತದೆ.

2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಸ್ಥಿರೀಕರಿಸಿದ ಮೇಲೆ ಚಿಂತನೆಯೇ ಬದಲಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಮಿನ ಪ್ರಕಾರ ಪೋಷಕತ್ವ ಸೀಮಿತ: ನಿರ್ದಿಷ್ಟ ತೀರ್ಮಾನಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಯನ್ನು ಅನುಸರಿಸಿ. ಇದೇ ಸರಿ. ಸಿಟಿ ಬಸ್ಸಿನಲ್ಲಿ ಒಬ್ಬನೇ ಓಡಾಡುವ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಪಡೆಯುವ ಯುವಕನಿಗೆ ಪೂರ್ಣ ಪೋಷಕರು ಯಾಕೆ? ಟ್ರಸ್ಟ್ ಕಾಯ್ದೆಯಲ್ಲೂ ಪೋಷಕರು ಬೇಕೇ, ಯಾವ ಉದ್ದೇಶಕ್ಕೆ ಎಂದು ಸಮಿತಿ ನೋಡಲೇಬೇಕು. ಅರ್ಜಿಯಲ್ಲಿ ಉದ್ದೇಶ ಬರೆಯುವ ಅಂಕಣದಲ್ಲಿ 'ಎಲ್ಲಾ ವ್ಯವಹಾರಕ್ಕೆ' ಎಂದು ಗೀಚಬೇಡಿ. 'ಮಾಸಾಶನದ ಖಾತೆ ನಡೆಸಲು' ಎಂಬಷ್ಟು ಸ್ಪಷ್ಟವಿರಲಿ.

ಪ್ರಮಾಣಪತ್ರ ಕಪಾಟು ಸೇರಿದ ಮೇಲೆ ಹೆಚ್ಚಿನವರು ಮರೆಯುವ ಕೆಲಸ ಲೆಕ್ಕ ಒಪ್ಪಿಸುವುದು. ನೇಮಕವಾದ 6 ತಿಂಗಳೊಳಗೆ ಆಸ್ತಿ, ಸಾಲಗಳ ಪಟ್ಟಿ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ, ಅಂದರೆ ಜೂನ್ ಮುಗಿಯುವ ಮುಂಚೆ, ಜಮಾ ಖರ್ಚಿನ ಲೆಕ್ಕ. ಡೈಪರ್, ಥೆರಪಿ, ಆಟೋ ಬಾಡಿಗೆಯ ಚೀಟಿಗಳನ್ನು ಒಂದೇ ಫೈಲಿನಲ್ಲಿ ಹಾಕುತ್ತಾ ಹೋಗಿ.